ಕೊಟ್ರಪ್ಪನವರ ಗಾದಿಯ ಮೇಲೆ ಒಂದು ಬೇಸಿಗೆ

ಇನ್ನೊಬ್ಬರು ಕೆಲಸ ಮಾಡುವುದನ್ನು ನಿಂತು ನೋಡುವುದು ನನಗೆ ಹುಟ್ಟಿನೊಂದಿಗೇ ಬಂದ ಚಟ. ಬೇರೆ ಚಟಗಳಿಗೆ ದುಡ್ಡು ಬೇಕು. ಇದಕ್ಕೆ ಎರಡು ಕಣ್ಣು ಮತ್ತು ನಿಲ್ಲಲು ಒಂದಿಷ್ಟು ನೆರಳು ಇದ್ದರೆ ಸಾಕು. ಪಾತ್ರೆಗೆ ಕಲಾಯಿ ಹಾಕುವವನು ಬೀದಿಗೆ ಬಂದನೆಂದರೆ ನನ್ನ ಕಾಲು ಅಲ್ಲೇ ನೆಟ್ಟುಹೋಗುತ್ತಿತ್ತು. ಕಪ್ಪಗಿದ್ದ ತಪ್ಪಲೆಯ ಹೊಟ್ಟೆಯೊಳಗೆ ಅವನು ಅರಿವೆ ತಿರುವಿದ ಕೂಡಲೇ ಬೆಳ್ಳಿಯ ಬೆಳಕು ಹೇಗೆ ಹುಟ್ಟುತ್ತದೆ ಎಂದು ನೋಡುತ್ತ ನಿಂತಾಗ, ಮನೆಯ ಒಗ್ಗರಣೆಗೆಂದು ತರಿಸಿದ್ದ ಕರಿಬೇವು ನನ್ನ ಕೈಯಲ್ಲೇ ಬಾಡಿದ್ದುಂಟು. "ಇವನ್ನ ಸಂತೆಗೆ ಕಳಿಸಿದ್ರೆ ಸಂತೆ ನೋಡ್ಕೊಂಡು ಬರ್ತಾನೆ, ಚೀಲ ಖಾಲೀನೇ ಇರ್ತೈತೆ" ಎಂದು ನಮ್ಮವ್ವ ಅನ್ನುತ್ತಿದ್ದಳು. ನಾನು ಬಿ.ಕಾಂ. ಸೇರಿದ್ದಕ್ಕೂ ಇದೇ ಚಟ ಕಾರಣವಿರಬೇಕು. ದಾವಣಗೆರೆಯಂಥ ವ್ಯಾಪಾರದ ಊರಿನಲ್ಲಿ ಶಾಲಾ ಮಾಸ್ತರರ ಮಗನಾಗಿ ಬೆಳೆದವನಿಗೆ, ಈ ಅಂಗಡಿಯವರು ಬೆಳಗಿನಿಂದ ಸಂಜೆಯ ತನಕ ಕೂತಲ್ಲೇ ಕೂತು ಅದೇನು ಮಾಡುತ್ತಾರೆ ಎಂಬುದು ದೊಡ್ಡ ಒಗಟಾಗಿತ್ತು. ನಮ್ಮಪ್ಪ ದಿನವಿಡೀ ನಿಂತು, ಕೂಗಿ, ಬೆತ್ತ ಬೀಸಿ ದಣಿಯುತ್ತಿದ್ದರು. ಆದರೂ ಮನೆಯ ಮೇಲೆ ಅಟ್ಟ ಏಳಲಿಲ್ಲ. ಅಂಗಡಿಯವರು ಲೋಡಿಗೆ ಒರಗಿ ಆಕಳಿಸುತ್ತಿದ್ದರು, ಅವರ ಮನೆಗಳು ಮಹಡಿಯ ಮೇಲೆ ಮಹಡಿ ಏರುತ್ತಿದ್ದವು.

ಅರವತ್ತರ ದಶಕದ ಆರಂಭದ ಮಾತು. ನಮಗೆ ಪಾಠ ಹೇಳುತ್ತಿದ್ದ ಒಬ್ಬ ಉಪನ್ಯಾಸಕರು ಮುಂಬಯಿಯಲ್ಲಿ ಓದಿ ಬಂದವರು. ಪುಸ್ತಕ ಓದಿ ವ್ಯಾಪಾರ ಕಲಿಯುವುದು ದಡದಲ್ಲಿ ಕೂತು ಈಜು ಕಲಿತ ಹಾಗೆ ಎಂಬುದು ಅವರ ವಾದ. ಬೇಸಿಗೆ ರಜೆಯಲ್ಲಿ ಪ್ರತಿಯೊಬ್ಬನೂ ಯಾವುದಾದರೂ ವ್ಯಾಪಾರದ ಜಾಗದಲ್ಲಿ ಕೆಲವು ವಾರ ಸಂಬಳವಿಲ್ಲದೆ ದುಡಿದು, ಅಲ್ಲಿನ ಯಜಮಾನರ ಸಹಿ ಮಾಡಿಸಿಕೊಂಡು ಬರಬೇಕೆಂದು ಅಪ್ಪಣೆ ಮಾಡಿದರು. ಇದಕ್ಕೆ ಪ್ರಾಕ್ಟಿಕಲ್ ಟ್ರೈನಿಂಗ್ ಎಂದು ಹೆಸರು. ನನ್ನ ಸಹಪಾಠಿಗಳೆಲ್ಲ ಮುಖ ಹುಳ್ಳಗೆ ಮಾಡಿಕೊಂಡರು. ನನಗೆ ಮಾತ್ರ, ನಿಂತು ನೋಡುವ ಚಟಕ್ಕೆ ವಿಶ್ವವಿದ್ಯಾನಿಲಯವೇ ಪರವಾನಗಿ ಕೊಟ್ಟಷ್ಟು ಖುಷಿಯಾಯಿತು. ಅಪ್ಪ ತಮಗೆ ಪರಿಚಯವಿದ್ದ ಸಾಹುಕಾರ ಕೊಟ್ರಪ್ಪನವರ ದಲಾಲಿ ಅಂಗಡಿಗೆ ಕರೆದುಕೊಂಡು ಹೋದರು. ರೈತರು ತಂದ ಶೇಂಗಾ, ಹತ್ತಿಯನ್ನು ಎಣ್ಣೆ ಗಿರಣಿಯವರಿಗೂ ಹೊರಗಿನ ವ್ಯಾಪಾರಿಗಳಿಗೂ ಮಾರಿಸಿಕೊಡುವುದು ಅವರ ಕಸುಬು. ಪ್ರಾಕ್ಟಿಕಲ್ ಟ್ರೈನಿಂಗ್ ಎಂದರೇನೆಂದು ಅಪ್ಪ ತಿಳಿಸಿ ಹೇಳಿದರು. ಕೊಟ್ರಪ್ಪನವರು ಕಣ್ಣು ಮುಚ್ಚಿ ಕೇಳಿ, "ಆತು, ಬರ್ಲಿ" ಎಂದರು. ಅವರಿಗೆ ಏನೂ ಅರ್ಥವಾಗಿರಲಿಲ್ಲವೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಮೊದಲ ದಿನ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಹೋದೆ. ಅಂಗಡಿಯಲ್ಲಿ ಕುರ್ಚಿ ಎಂಬ ವಸ್ತುವೇ ಇರಲಿಲ್ಲ. ಹಮಾಲರಿಗೆ ಚೀಲಗಳ ಮೇಲೆ ಜಾಗ, ರೈತರಿಗೆ ಬೆಂಚು, ಗುಮಾಸ್ತನಿಗೆ ಗಿಡ್ಡ ಮೇಜಿನ ಹಿಂದಿನ ಚಾಪೆ. ಇವೆಲ್ಲಕ್ಕಿಂತ ಎತ್ತರದಲ್ಲಿ ಬಿಳಿ ಬಟ್ಟೆ ಹಾಸಿದ ಗಾದಿ, ಅದರ ಮೇಲೆ ಎರಡು ಲೋಡು, ಒಂದು ಲೋಡಿಗೆ ಒರಗಿ ಕೊಟ್ರಪ್ಪನವರು. ನಾನು ಎಲ್ಲಿ ನಿಲ್ಲಲೆಂದು ತಡವರಿಸುತ್ತಿದ್ದಾಗ ಅವರಿಗೆ ನನ್ನ ಪ್ಯಾಂಟು ನೋಡಿ ಪಾಪವೆನಿಸಿರಬೇಕು, "ಮ್ಯಾಲೆ ಬಂದು ಕೂಡ್ರಿ ತಮ್ಮಾ" ಎಂದರು. ನಾನು ಚಪ್ಪಲಿ ಬಿಟ್ಟು ಹತ್ತಿ ಎರಡನೆಯ ಲೋಡಿಗೆ ಒರಗಿದೆ. ಗುಮಾಸ್ತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನು ನೋಡಿದ. ದಾವಣಗೆರೆಯ ಪೇಟೆಯಲ್ಲಿ ಸಾಹುಕಾರರ ಗಾದಿಯ ಮೇಲೆ ಕೂಡಲು ಮನೆಯವರಿಗಷ್ಟೇ ಹಕ್ಕು ಎಂಬುದನ್ನು ನಮ್ಮ ಬಿ.ಕಾಂ. ಪುಸ್ತಕಗಳಲ್ಲಿ ಯಾರೂ ಬರೆದಿರಲಿಲ್ಲ. ಮಗ ಕೂಡಬಹುದು, ತಮ್ಮ ಕೂಡಬಹುದು. ಕೊಟ್ರಪ್ಪನವರಿಗೆ ಗಂಡುಮಕ್ಕಳೂ ಇರಲಿಲ್ಲ, ತಮ್ಮಂದಿರೂ ಇರಲಿಲ್ಲ. ಇದ್ದವಳು ಮದುವೆಗೆ ಬಂದ ಒಬ್ಬಳೇ ಮಗಳು.

ನನಗೆ ಇದೊಂದೂ ಹೊಳೆಯಲಿಲ್ಲ. ನಾನು ಒಗಟು ಬಿಡಿಸುವುದರಲ್ಲಿ ಮುಳುಗಿದ್ದೆ. ಕೊಟ್ರಪ್ಪನವರ ವ್ಯಾಪಾರವೆಲ್ಲ ಮೂರು ಮಾತಿನಲ್ಲಿ ನಡೆಯುತ್ತಿತ್ತು: "ಆತು", "ನೋಡೋಣ", "ಯಾಕೋ ಬ್ಯಾಡನ್ಸ್ತೈತೆ". ಯಾರಿಗೆ ಯಾವುದನ್ನು ಹೇಳುತ್ತಾರೆ, ಯಾಕೆ ಹೇಳುತ್ತಾರೆ ಎಂದು ಎಷ್ಟು ಗಮನಿಸಿದರೂ ತಿಳಿಯದು. ಒಬ್ಬ ರೈತ ಅರ್ಧ ಗಂಟೆ ಗೋಗರೆದರೆ "ನೋಡೋಣ". ಇನ್ನೊಬ್ಬ ಬಂದು ಬೆಂಚಿನ ಮೇಲೆ ಸುಮ್ಮನೆ ಕೂತು ಬೆವರು ಒರೆಸಿಕೊಂಡರೆ "ಆತು". ಬಂದವರೆಲ್ಲ ಚೀಲಕ್ಕೆ ಕೈ ಹಾಕಿ ಶೇಂಗಾ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಹಿಸುಕಿ, ಮೂಸಿ ನೋಡುತ್ತಿದ್ದರು. ಕಾಯಿ ಅವರ ಕಿವಿಯಲ್ಲಿ ಏನು ಹೇಳುತ್ತದೋ ನನಗೆ ಕೇಳುವ ಆಸೆ. ಎದ್ದು ಹೋಗಿ ತಕ್ಕಡಿ ಹಿಡಿಯಲು ನೋಡಿದರೆ ಹಮಾಲರು ಬಿಡಲೊಲ್ಲರು. ಲೆಕ್ಕ ಬರೆಯುತ್ತೇನೆಂದರೆ ಗುಮಾಸ್ತ ಎದ್ದು ನಿಂತು, "ನೀವ್ಯಾಕ್ರೀ, ನಾವಿಲ್ವಾ? ನೀವು ಕೂಡ್ರಿ" ಎನ್ನುವನು. ಮಧ್ಯಾಹ್ನ ಸಾಹುಕಾರರ ಮನೆಯಿಂದ ಬುತ್ತಿ ಬರುತ್ತಿತ್ತು. ಎರಡು ರೊಟ್ಟಿ ತಿಂದು ಸಾಕೆಂದರೆ ಕೊಟ್ರಪ್ಪನವರು ಮೂರನೆಯದನ್ನು ಹಾಕಿ, "ನಾಚ್ಕೋಬ್ಯಾಡ್ರಿ" ಎನ್ನುತ್ತಿದ್ದರು. ವಿದ್ಯೆಗೆ ದಾವಣಗೆರೆಯಲ್ಲಿ ಇಷ್ಟೊಂದು ಗೌರವವಿದೆಯಲ್ಲ ಎಂದು ನನಗೆ ಹೆಮ್ಮೆ ಉಕ್ಕಿತು. ಎದುರಂಗಡಿಯ ಗೋಣಿಚೀಲದ ವ್ಯಾಪಾರಿ ಇಮಾಮ್ ಸಾಬರು ದಿನಾ ಬಂದು ನನ್ನ ಕ್ಷೇಮ ಕೇಳುವರು. ನಮ್ಮ ಮನೆ ಸ್ವಂತದ್ದೋ ಬಾಡಿಗೆಯದೋ, ಅಣ್ಣತಮ್ಮಂದಿರು ಎಷ್ಟು, ನನಗೆ ಸಿಟ್ಟು ಬೇಗ ಬರುತ್ತದೆಯೋ ಹೇಗೆ ಎಂದೆಲ್ಲ ವಿಚಾರಿಸುವರು. ಇಷ್ಟೊಂದು ಕುತೂಹಲದ ಮನುಷ್ಯ ಇನ್ನೊಬ್ಬ ಸಿಕ್ಕನಲ್ಲ ಎಂದು ನಾನೂ ಎಲ್ಲಕ್ಕೂ ವಿವರವಾಗಿ ಉತ್ತರ ಕೊಡುತ್ತಿದ್ದೆ.

ಒಂದು ಬೆಳಿಗ್ಗೆ ಅಂಗಡಿಗೆ ಹೋದಾಗ ಕೊಟ್ರಪ್ಪನವರು ಲೋಡಿಗೆ ಒರಗಿರಲಿಲ್ಲ, ನೆಟ್ಟಗೆ ಕೂತಿದ್ದರು. ಅಷ್ಟರಿಂದಲೇ ಏನೋ ಅನಾಹುತವಾಗಿದೆ ಎಂದು ತಿಳಿಯಿತು. ಅವರ ಮಗಳು ಗಿರಿಜವ್ವನಿಗೆ ಹರಿಹರದ ವ್ಯಾಪಾರಿ ಮುರಿಗೆಪ್ಪನವರ ಮಗನನ್ನು ಗೊತ್ತುಮಾಡಿದ್ದರಂತೆ. ಮಾತಾಗಿ, ವೀಳ್ಯ ಬದಲಾಯಿಸುವುದಷ್ಟೇ ಬಾಕಿ ಇತ್ತು. ಈಗ ಹರಿಹರದಿಂದ ಹೇಳಿಕಳಿಸಿದ್ದಾರೆ: ನಿಮ್ಮ ಗಾದಿ ಮೇಲೆ ಮನೆಅಳಿಯ ಬಂದು ಕೂತಾಗಿದೆಯಂತೆ, ಇಡೀ ಪೇಟೆ ನೋಡಿದೆ, ಇನ್ನು ನಮ್ಮನ್ನು ಯಾಕೆ ಕಾಯಿಸುತ್ತೀರಿ ಎಂದು. ನಾನು ಗಾದಿ ಬಿಟ್ಟು ಇವತ್ತಿನಿಂದಲೇ ಬೆಂಚಿನ ಮೇಲೆ ಕೂಡುತ್ತೇನೆ ಎಂದೆ. "ಈಗ ಇಳಿಸಿದ್ರೆ ಕೊಟ್ರಪ್ಪ ಅಳಿಯನ್ನ ಹೊರಗ ಹಾಕ್ದ ಅಂತಾರೆ. ಅದು ಇನ್ನೂ ಕೆಟ್ಟದ್ದು" ಎಂದರು ಅವರು. ಹೆಣ್ಣಿನ ತಂದೆ ತಾನಾಗಿ ಹೋಗಿ ಅಂಗಲಾಚಿದರೆ ಅನುಮಾನ ಹೆಚ್ಚುತ್ತದೆ. ಆದ್ದರಿಂದ ನಾನೇ ಹರಿಹರಕ್ಕೆ ಹೋಗಿ, ನಾನು ಅಳಿಯನಲ್ಲ ಎಂದು ಮುರಿಗೆಪ್ಪನವರಿಗೆ ತಿಳಿಸಿ ಹೇಳಬೇಕು. ಜೊತೆಗೆ ಇಮಾಮ್ ಸಾಬರು ಬರುತ್ತಾರೆ ಎಂದು ತೀರ್ಮಾನವಾಯಿತು. ಸುದ್ದಿಯನ್ನು ಪೇಟೆಗೆಲ್ಲ ಹಂಚಿದವರೂ ಅವರೇ, ಹರಿಹರದವರಿಗೆ ಚೀಲ ಕೊಡುತ್ತಿದ್ದವರೂ ಅವರೇ. ಸಂತೋಷದ ಸುದ್ದಿ ಅಂತ ಹಂಚಿದೆ ಎಂದು ಅವರು ಕೈ ಕೈ ಹಿಸುಕಿಕೊಳ್ಳುತ್ತಿದ್ದರು.

ಹೊರಡುವ ಮುಂಚೆ ಕೊಟ್ರಪ್ಪನವರು ಮನೆಗೆ ಕರೆದೊಯ್ದು ಚಹಾ ಕೊಡಿಸಿದರು. ಆಗ ಅಡಿಗೆಮನೆಯ ಬಾಗಿಲಲ್ಲಿ ಗಿರಿಜವ್ವ ಬಂದು ನಿಂತಳು. ಅಳುತ್ತಿರಲಿಲ್ಲ, ಆದರೆ ಅತ್ತು ಮುಗಿಸಿದ ಕಣ್ಣು. "ನನಗೆ ಆ ಮನಿ ಹಿಡಿಸೈತೆ ಅಣ್ಣಾರೆ. ಅಲ್ಲಿ ನೀವು ಜಾಣತನ ಏನೂ ತೋರಿಸಬ್ಯಾಡ್ರಿ, ಇದ್ದದ್ದು ಇದ್ದಂಗೆ ಹೇಳಿ ಬರ್ರಿ" ಎಂದಳು. ಅಷ್ಟು ದಿನ ಆ ಮನೆಯ ರೊಟ್ಟಿ ತಿಂದಿದ್ದೆ, ಆ ಹುಡುಗಿಯನ್ನು ನೋಡಿದ್ದು ಅದೇ ಮೊದಲು. ಆಕೆ ಅಣ್ಣಾರೆ ಎಂದಾಗ ನನಗೆ ಒಂದು ಚೂರು ಬೇಸರವಾದದ್ದು ನಿಜ. ಕೊಡದ ಪದವಿಯನ್ನು ಕಸಿದುಕೊಂಡರೂ ನೋವಾಗುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು. ಆದರೆ ಆ ಕಣ್ಣು ನೋಡಿದ ಮೇಲೆ ಇವಳ ಮದುವೆ ನನ್ನಿಂದ ಮುರಿಯಬಾರದು ಎಂದು ದೇವರ ಮೇಲೆ ಆಣೆ ಇಟ್ಟುಕೊಂಡೆ.

ಪ್ಯಾಸೆಂಜರ್ ರೈಲಿನಲ್ಲಿ ಹರಿಹರ ತಲುಪುವಷ್ಟರಲ್ಲಿ ಪ್ರಾಕ್ಟಿಕಲ್ ಟ್ರೈನಿಂಗ್ ಬಗ್ಗೆ ಒಂದು ಭಾಷಣವನ್ನೇ ಸಿದ್ಧಪಡಿಸಿಕೊಂಡೆ. ಮುರಿಗೆಪ್ಪನವರು ದಪ್ಪ ಮೀಸೆಯ, ಸಣ್ಣ ಕಣ್ಣಿನ ಮನುಷ್ಯ. ಈ ಸಲ ನಾನು ಗಾದಿಯ ಹತ್ತಿರಕ್ಕೂ ಹೋಗದೆ ನೆಲದ ಮೇಲೆ ಕೂತೆ. ನಮ್ಮ ಉಪನ್ಯಾಸಕರು ಹೇಳಿದ್ದನ್ನು ಹೇಳಿದೆ. ಹೊರದೇಶಗಳಲ್ಲಿ ಹೀಗೇ ಕಲಿಯುತ್ತಾರೆ ಎಂದೆ. ದಡ, ಈಜು ಎಲ್ಲ ಬಂತು. ಅವರು ಪೂರ್ತಿ ಕೇಳಿ, ಕಲಿಯಲಿಕ್ಕೆ ಕಾಲೇಜು ಕಟ್ಟಿಸಿದ್ದಾರಲ್ಲ, ಅಂಗಡಿಗೆ ಯಾಕೆ ಬಂದಿರಿ ಎಂದು ಕೇಳಿದರು. ಸಂಬಳ ಎಷ್ಟು ಎಂದರು. ಇಲ್ಲ ಎಂದೆ. ಊಟ? ಸಾಹುಕಾರರ ಮನೆಯಿಂದ ಬರುತ್ತದೆ ಎಂದೆ. ಮುರಿಗೆಪ್ಪನವರು ಇಮಾಮ್ ಸಾಬರ ಕಡೆ ತಿರುಗಿ, "ಕೇಳಿದ್ರಾ ಸಾಬ್ರೆ? ಸಂಬಳ ಇಲ್ದೆ ದುಡಿಯೋನು, ಮಾವನ ಮನಿ ರೊಟ್ಟಿ ತಿನ್ನೋನು ಈ ಲೋಕದಾಗ ಅಳಿಯ ಒಬ್ಬನೇ" ಎಂದರು. ಇಮಾಮ್ ಸಾಬರಿಗೂ ಆ ಮಾತು ಸರಿಯೆನಿಸಿತೆಂದು ಕಾಣುತ್ತದೆ, ಅವರು ನನ್ನತ್ತ ಸಂಶಯದಿಂದ ನೋಡತೊಡಗಿದರು. ನನ್ನ ಕಡೆಯ ಸಾಕ್ಷಿಯೇ ಎದುರು ಪಕ್ಷ ಸೇರಿದಾಗ ನನಗೆ ನಿಜವಾಗಿ ಭಯವಾಯಿತು. ಗಿರಿಜವ್ವನ ಕಣ್ಣು ನೆನಪಾಯಿತು.

ಮುರಿಗೆಪ್ಪನವರು ಎದ್ದು ಹೋಗಿ ಒಂದು ಚೀಲಕ್ಕೆ ಕೈ ಹಾಕಿ, ಬೊಗಸೆ ತುಂಬ ಶೇಂಗಾ ತಂದು ನನ್ನ ಕೈಗೆ ಸುರಿದರು. ಈ ಮಾಲು ಹೇಗಿದೆ ಹೇಳಿ ಎಂದರು. ಜಾಣತನ ತೋರಿಸಬೇಡಿ ಎಂದು ಗಿರಿಜವ್ವ ಅಷ್ಟು ಹೇಳಿದ್ದಳು. ಆದರೆ ಪರೀಕ್ಷೆ ಎಂದ ಕೂಡಲೇ ಮಾಸ್ತರರ ಮಗನ ರಕ್ತ ಸುಮ್ಮನಿರುತ್ತದೆಯೇ? ಇಷ್ಟು ದಿನ ಪೇಟೆಯಲ್ಲಿ ನೋಡಿದ್ದನ್ನೆಲ್ಲ ತೋರಿಸಿಬಿಡೋಣವೆಂದು ಹೊರಟೆ. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಲಟಲಟ ಎಂದಿತು, ಅಷ್ಟೇ, ಅದಕ್ಕೆ ಅರ್ಥವೇನೆಂದು ನನಗೆ ಯಾರೂ ಹೇಳಿರಲಿಲ್ಲ. ಹಿಸುಕಿದೆ, ಮೂಸಿದೆ, ಗಂಭೀರವಾಗಿ ತಲೆಯಾಡಿಸಿದೆ. ಏನು ಹೇಳುವುದೆಂದು ಯೋಚಿಸಲು ಸಮಯ ಬೇಕಾಗಿತ್ತು, ಆದ್ದರಿಂದ ಬೀಜ ಬಾಯಿಗೆ ಹಾಕಿಕೊಂಡೆ. ಯೋಚನೆ ಬರಲಿಲ್ಲ. ಇನ್ನೊಂದು ಹಾಕಿಕೊಂಡೆ. ಬೆಳಿಗ್ಗೆಯಿಂದ ಚಹಾ ಬಿಟ್ಟರೆ ಹೊಟ್ಟೆಗೆ ಬೇರೇನೂ ಬಿದ್ದಿರಲಿಲ್ಲ. ತಲೆ ಎತ್ತಿ ನೋಡಿದಾಗ ಕೈ ಖಾಲಿಯಾಗಿತ್ತು, ಮಡಿಲ ತುಂಬ ಸಿಪ್ಪೆ ಇತ್ತು.

"ಎಲ್ಲಾ ತಿಂದ್ರಾ?" ಎಂದರು ಮುರಿಗೆಪ್ಪನವರು.

"ಚೆನ್ನಾಗೈತ್ರೀ" ಎಂದೆ.

ಅವರ ಮೀಸೆ ಮೊದಲು ಅದುರಿತು, ಆಮೇಲೆ ಹೊಟ್ಟೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸಾಬ್ರೆ, ಇವರು ಅಳಿಯ ಅಲ್ಲ ಬಿಡ್ರಿ. ಕೊಟ್ರಪ್ಪ ಅಳಿಯ ಅಂತ ಕೂರಿಸಿದ್ರೆ ಮೊದಲನೇ ದಿನಾನೇ ಕಾಯಿ ನೋಡೋದು ಕಲಿಸಿರ್ತಿದ್ದ. ಮಾದರಿ ಮಾಲನ್ನೇ ತಿಂದು ಮುಗಿಸೋ ಮನುಷ್ಯಂಗೆ ಯಾರಾದ್ರೂ ಮಗಳನ್ನೂ ಅಂಗಡೀನೂ ಕೊಡ್ತಾರಾ?" ಎಂದರು. ವೀಳ್ಯದ ದಿನವನ್ನು ಅಲ್ಲೇ ಗೊತ್ತುಮಾಡಿ ಹೇಳಿಕಳಿಸಿದರು. ಜಾಣತನ ತೋರಿಸಬಾರದೆಂದು ಆ ಹುಡುಗಿ ಹೇಳಿದ್ದಳು, ನಾನು ತೋರಿಸಲು ಹೋದೆ, ಇರಲಿಲ್ಲ. ಹೀಗೆ ಅವಳ ಮದುವೆ ಉಳಿಯಿತು. ರೈಲಿನಲ್ಲಿ ಹಿಂದಿರುಗುವಾಗ ನನಗೆ ಅವಮಾನವಾಗಬೇಕಾಗಿತ್ತು. ಆಗಲಿಲ್ಲ. ಕಿಟಕಿಯ ಗಾಳಿಗೆ ಮುಖ ಒಡ್ಡಿಕೊಂಡು ಮನಸ್ಸಿನಲ್ಲೇ ಹಾಡಿಕೊಳ್ಳುತ್ತ ಬಂದೆ.

ಕೊಟ್ರಪ್ಪನವರು ಸಹಿ ಮಾಡಿಕೊಟ್ಟರು. ಈ ಹುಡುಗ ನಮ್ಮಲ್ಲಿ ಏನೂ ಕಲಿಯದೆ ಬಹಳ ಉಪಕಾರ ಮಾಡಿದ್ದಾನೆ ಎಂದು ಬರೆಸುವುದಕ್ಕೆ ಹೊರಟಿದ್ದರು. ಗುಮಾಸ್ತನೇ ಬೇಡವೆಂದು, ತೃಪ್ತಿಕರವಾಗಿ ಇದ್ದರು ಎಂದು ತಿದ್ದಿದ. ಮದುವೆಗೆ ನಾನೂ ಹೋಗಿದ್ದೆ. ಪೇಟೆಯವರಿಗೆ ಮಾತ್ರ ಪ್ರಾಕ್ಟಿಕಲ್ ಟ್ರೈನಿಂಗ್ ಎಂಬ ಕತೆ ಕಡೆಯವರೆಗೂ ನಂಬಿಕೆಯಾಗಲಿಲ್ಲ. ಪಂಕ್ತಿಯಲ್ಲಿ ಕೂತಾಗ ಪಕ್ಕದವರು ನನ್ನ ಭುಜ ತಟ್ಟಿ, ಋಣಾನುಬಂಧ ಇರಬೇಕಲ್ರೀ ಎಂದು ಸಮಾಧಾನ ಹೇಳಿದರು. ಬಡಿಸುವವರು ಕೇಳದೆಯೇ ಎರಡು ಹೋಳಿಗೆ ಹೆಚ್ಚಿಗೆ ಹಾಕಿದರು.

ಕೆಲವು ವರ್ಷ ಕಳೆದು ನನಗೂ ಹೆಣ್ಣು ನೋಡಿದರು. ರಾಣೇಬೆನ್ನೂರಿನ ಕಡೆಯವರು. ಮಗಳನ್ನು ಕೊಡುವ ಮುಂಚೆ ಹುಡುಗನ ಗುಣ ವಿಚಾರಿಸಲು ನನ್ನ ಮಾವನವರು ನೆಟ್ಟಗೆ ಪೇಟೆಗೆ ಹೋಗಿ, ಇಮಾಮ್ ಸಾಬರ ಅಂಗಡಿಯಲ್ಲೇ ಕೂತಿದ್ದಾರೆ. ಹುಡುಗನಿಗೆ ಏನು ಬರುತ್ತದೆ ಎಂದು ಕೇಳಿದ್ದಕ್ಕೆ ಸಾಬರು ಪ್ರಾಮಾಣಿಕವಾಗಿ, ಕೂಡಿಸಿದ ಕಡೆ ಕೂಡುತ್ತಾನೆ, ಬಡಿಸಿದ್ದು ತಿನ್ನುತ್ತಾನೆ, ವ್ಯವಹಾರಕ್ಕೆ ಕೈ ಹಾಕುವುದಿಲ್ಲ ಎಂದರಂತೆ. ಮಾವನವರು ಮರುಮಾತಾಡದೆ ಮದುವೆ ಗೊತ್ತುಮಾಡಿದರು. ಮೊದಲ ದೀಪಾವಳಿಗೆ ಮಾವನ ಮನೆಗೆ ಹೋದಾಗ ನಡುಮನೆಯಲ್ಲಿ ಹಾಸಿಗೆ ಹಾಸಿ ಕೂಡಿರೆಂದರು. ನಾನು ಲೋಡಿಗೆ ಒರಗಿ, ರೊಟ್ಟಿ ಬಂದಾಗ ನಾಚದೆ, ಕೆಲಸದ ಮಾತು ಬಂದಾಗ ಏಳದೆ, ಮೂರು ದಿನವನ್ನು ಸರಾಗವಾಗಿ ಕಳೆದೆ. ಹೊಸ ಅಳಿಯಂದಿರು ಸಾಮಾನ್ಯವಾಗಿ ಮುದುರಿಕೊಂಡು ಕೂಡುತ್ತಾರೆ. ಇದನ್ನೆಲ್ಲ ಬಾಗಿಲ ಸಂದಿಯಿಂದ ಗಮನಿಸಿದ ನಮ್ಮ ಅತ್ತೆಯವರು ರಾತ್ರಿ ಮಾವನವರನ್ನು ಪಕ್ಕಕ್ಕೆ ಕರೆದು ಕೇಳಿದರಂತೆ:

"ಸರಿಯಾಗಿ ವಿಚಾರಿಸಿದ್ರಿ ತಾನೇ? ಇವರಿಗೆ ಮೊದ್ಲೇ ಎಲ್ಲೋ ಅನುಭವ ಆದಂಗೈತೆ."