ಕಂಪ್ಯೂಟರ್ ಕಡಲಿನಲ್ಲಿ ತಾಂಡೇಲ

ಇಪ್ಪತ್ತೆರಡು ವರ್ಷ ಮೀನಿನ ಬೋಟಿನಲ್ಲಿ ತಾಂಡೇಲನಾಗಿ ಚುಕ್ಕಾಣಿ ಹಿಡಿದವನಿಗೆ ಮೇಜಿನ ಮೇಲಿನ ಕಡಲು ಯಾವ ಲೆಕ್ಕ? ಉಳ್ಳಾಲದ ನಮ್ಮ ಮನೆಯ ಕಂಪ್ಯೂಟರಿನ ಮುಂದೆ ಬೋಟಿನ ಆಟ ಆಡಲು ಕುಳಿತಾಗ ನನ್ನ ಧೈರ್ಯ ಹೀಗಿತ್ತು.

ಆ ಆಟ ನಾವು ಹದಿನೈದು ದಿನದ ಹಿಂದೆ ನೋಡಿದ ಸಿನಿಮಾದ್ದು. ನಾಯಕ ಬೋಟಿನಲ್ಲಿ ಹೋಗಿ ಕಡಲ್ಗಳ್ಳರನ್ನು ಸದೆಬಡಿಯುವ ಕಥೆ. ಥಿಯೇಟರಿನಲ್ಲಿ ನಾನು "ಹಾಗೆ ತಿರುಗಿಸಿದ್ರೆ ಬೋಟು ಮಗುಚ್ತದೆ ಮಾರಾಯ!" ಎಂದು ನಾಯಕನಿಗೆ ಎರಡು ಸಲ ಗಟ್ಟಿಯಾಗಿ ಬುದ್ಧಿ ಹೇಳಿದ್ದೆ. ಮುಂದಿನ ಸಾಲಿನಲ್ಲಿ ಮಗಳು ಶ್ರಾವ್ಯಳ ಒಂಬತ್ತನೇ ತರಗತಿಯ ಗೆಳತಿಯರಿದ್ದರಂತೆ. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಳು. ಊಟಕ್ಕೆ ಕರೆಯುವುದೂ ಅಮ್ಮನ ಮೂಲಕವೇ! ನನಗೆ ನಿಜಕ್ಕೂ ಸಂಕಟವಾಗಿತ್ತು. ಆದ್ದರಿಂದ ಆ ಭಾನುವಾರ ಅವಳು ಆಟ ಶುರು ಮಾಡಿದ ಕೂಡಲೇ, "ನಾನೂ ಆಡ್ತೇನೆ" ಎಂದು ಕುರ್ಚಿ ಎಳೆದೆ. ಅವಳು ಕೀಬೋರ್ಡನ್ನು ನನ್ನ ಕಡೆ ತಳ್ಳಿದಳು. ಶಾಂತಿ ಮಾತುಕತೆಗೆ ಅದೇ ಶುಭಾರಂಭವೆಂದು ಭಾವಿಸಿದೆ.

ಮೊದಲ ನೋಟಕ್ಕೆ ಆಟ ಚೆನ್ನಾಗಿಯೇ ಇತ್ತು. ನೀರಿನ ಬಣ್ಣ ಪರವಾಗಿಲ್ಲ. ನಾಯಕನ ಮೀಸೆಯಂತೂ ಸಿನಿಮಾದಲ್ಲಿದ್ದುದಕ್ಕಿಂತ ದಪ್ಪ. ಆದರೆ ಕಪ್ಪು ಮೋಡ, ಮಿಂಚು, ತೆಂಗಿನ ಮರದೆತ್ತರದ ಅಲೆ. ಪರದೆಯ ಮೇಲೆ 'ಹೊರಡು' ಎಂಬ ಆಜ್ಞೆ ಬಂತು. ನಾನು ಕೈಕಟ್ಟಿ ಕುಳಿತೆ.

"ಎಂತ ಸುಮ್ಮನೆ ಕೂತದ್ದು?" ಹೆಂಡತಿ ಹರಿಣಾಕ್ಷಿ ಅಡುಗೆಮನೆಯಿಂದ ಇಣುಕಿದಳು.

"ಗಾಳಿ ಉಂಟಲ್ಲ! ಈ ಹವೆಯಲ್ಲಿ ಯಾರಾದ್ರೂ ಬೋಟು ಬಿಡ್ತಾರಾ? ನಿಲ್ಲಲಿ."

ಗಾಳಿ ನಿಲ್ಲಲಿಲ್ಲ. ಐದು ನಿಮಿಷ ಕಾದು ಆಟವೇ ಮುಗಿಯಿತು. ಬಂದರಿನ ದಕ್ಕೆಗೆ ಕಟ್ಟಿದ ಬೋಟಿನಲ್ಲಿ ಕುಳಿತೇ ನಾನು ಸೋತಿದ್ದೆ!

ಎರಡನೇ ಸಲ ಮನಸ್ಸು ಗಟ್ಟಿ ಮಾಡಿ ಹೊರಟೆ. ಸ್ವಲ್ಪ ದೂರದಲ್ಲಿ ಒಂದು ಬೋಟು ಇಂಜಿನ್ ಕೆಟ್ಟು ಹೊಗೆಯುಗುಳುತ್ತಾ ತೇಲುತ್ತಿತ್ತು. ದಡದಲ್ಲಿ ಎಷ್ಟೇ ಜಗಳವಿರಲಿ, ಕೆಟ್ಟು ನಿಂತ ಬೋಟನ್ನು ನಡುಕಡಲಲ್ಲಿ ಬಿಟ್ಟು ಬರುವ ಕ್ರಮ ನಮ್ಮಲ್ಲಿಲ್ಲ. ಹಗ್ಗ ಎಸೆಯುವ ಗುಂಡಿಯನ್ನು ಹುಡುಕಿ ಒತ್ತಿದೆ.

"ಪಪ್ಪಾ!" ಶ್ರಾವ್ಯ ಕಿರುಚಿದಳು. ಹದಿನೈದು ದಿನಗಳ ನಂತರದ ಮೊದಲ ಮಾತು! "ಅದು ವಿಲನ್‌ನ ಬೋಟು! ಗುಂಡು ಹೊಡೀಬೇಕು!"

"ಮೊದಲು ದಕ್ಕೆಗೆ ಮುಟ್ಟಿಸುವ ಮಗಾ. ಜಗಳ ಆಮೇಲೆ."

"ಅವನು ಎಷ್ಟು ಜನರನ್ನು ಕೊಂದಿದ್ದಾನೆ, ಸಿನಿಮಾದಲ್ಲಿ ನೋಡಿದ್ದೀರಲ್ಲ?"

"ಇಂಜಿನ್ ಕೆಟ್ಟ ಮೇಲೆ ಕೊಲೆಗಾರನೂ ಪಾಪವೇ!"

ಖಳನಾಯಕನನ್ನು ಅತ್ಯಂತ ಜೋಪಾನವಾಗಿ ಎಳೆದು ತಂದು ದಕ್ಕೆಗೆ ಕಟ್ಟಿದೆ. ಅವನು ಇಳಿದ. ಉಪಕಾರ ಸ್ಮರಣೆ ಮಾಡುತ್ತಾನೆಂದು ಕಾದೆ. ಅವನು ನನಗೆ ಗುಂಡಿಟ್ಟ, ನನ್ನ ಬೋಟಿಗೆ ಬೆಂಕಿಯಿಟ್ಟ, ಕೊನೆಗೆ ಇಡೀ ಬಂದರನ್ನೇ ಸುಟ್ಟ!

"ಇನ್ನೂ ಮಾಡಿ ಉಪಕಾರ!" ಎಂದಳು ಹರಿಣಾಕ್ಷಿ.

ಪಕ್ಕಕ್ಕೆ ತಿರುಗಿದರೆ ಶ್ರಾವ್ಯ ಹೊಟ್ಟೆ ಹಿಡಿದು ನಗುತ್ತಿದ್ದಳು. ನಾನು ಸತ್ತದ್ದೂ ಸಾರ್ಥಕವೆನಿಸಿತು.

"ನಿಜವಾಗ್ಲೂ ಹಾಗೆ ಎಳೆದು ತಂದದ್ದು ಉಂಟಾ ಪಪ್ಪಾ?" ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

"ನಿನ್ನ ಮಾವನನ್ನೇ ಮೂರು ಸಲ. ಒಂದು ಸಲ ಅವನಿಗೂ ನನಗೂ ಮಾತೇ ಇರ್ಲಿಲ್ಲ!"

ಅವಳು ಕುರ್ಚಿಯನ್ನು ಹತ್ತಿರಕ್ಕೆಳೆದು ಆ ಕಥೆಗಳನ್ನೆಲ್ಲ ಹೇಳಿಸಿದಳು. ಬಂಗುಡೆ ಸಾರು ಆರಿ ತಣ್ಣಗಾಯಿತು. ಕಡೆಗೆ ಅವಳೇ, "ನಾಳೆ ಇಬ್ಬರೂ ಒಟ್ಟಿಗೆ ಆಡುವ. ಆದ್ರೆ ಸ್ಟೀರಿಂಗ್ ನನಗೆ. ನೀವು ಬೋಟಿನ ಅಡುಗೆಯವರು. ಅವರಿಗೆ ಕೆಳಗೆ ಒಂದು ರೂಮು ಉಂಟು, ಹೊರಗೆ ಬರ್ಲಿಕ್ಕೆ ಆಗುದಿಲ್ಲ" ಎಂದು ತೀರ್ಪು ಕೊಟ್ಟಳು.

ಇಪ್ಪತ್ತೆರಡು ವರ್ಷ ತಾಂಡೇಲನಾಗಿದ್ದ ನಾನು ಆ ಹುದ್ದೆಯನ್ನು ಅಲ್ಲೇ ಸ್ವೀಕರಿಸಿದೆ. ಉಪ್ಪು ಹಾಕುವ ಗುಂಡಿ ಯಾವುದು ಎಂದಷ್ಟೇ ಕೇಳಿದೆ.