ಕಾವೇರಿಯಲ್ಲೊಂದು ಖಾಸಗಿ ದ್ವೀಪ

2019ರ ಆಗಸ್ಟ್ ಹತ್ತು, ಶನಿವಾರ. ಆ ವರ್ಷದ ಗೋಡೆ ಕ್ಯಾಲೆಂಡರನ್ನೂ ಪಂಚಾಂಗವನ್ನೂ ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ, ಎರಡೂ ಒಪ್ಪುತ್ತವೆ. ಅಂದಿನ ಪ್ರವಾಹದಲ್ಲಿ ನಮ್ಮ ಭಾವ ತಮ್ಮ ದ್ವೀಪವನ್ನು ಕಳೆದುಕೊಂಡರು. ಲೋಕದಲ್ಲಿ ಜನ ಕೊಡೆ ಕಳೆದುಕೊಳ್ಳುತ್ತಾರೆ, ಕನ್ನಡಕ ಕಳೆದುಕೊಳ್ಳುತ್ತಾರೆ, ಚುನಾವಣೆಯಲ್ಲಿ ಠೇವಣಿ ಕಳೆದುಕೊಳ್ಳುತ್ತಾರೆ. ದ್ವೀಪ ಕಳೆದುಕೊಂಡವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರ ಜೊತೆ ಕುಳಿತು ಮುದ್ದೆ ಉಂಡಿದ್ದೇನೆ. ಅಷ್ಟೇ ಏಕೆ, ನಮ್ಮ ಅಕ್ಕನನ್ನೇ ಅವರಿಗೆ ಕೊಟ್ಟಿದ್ದೇವೆ!

ಹೆಸರು ಬರೆಯುವುದಿಲ್ಲ. ಬರೆದರೆ ಆಗುವ ಅನಾಹುತವೇನೆಂಬುದು ಓದುತ್ತ ಹೋದಂತೆ ನಿಮಗೇ ತಿಳಿಯುತ್ತದೆ. ಊರು ಸಾಲಿಗ್ರಾಮಕ್ಕೆ ಹತ್ತಿರದ, ಕಾವೇರಿ ದಡದ ಒಂದು ಹಳ್ಳಿ ಎಂದಷ್ಟು ಹೇಳಿದರೆ ಸಾಕು. ನನ್ನ ವಿಚಾರ ಹೇಳುವುದಾದರೆ, ಕಡಲ ದಡಗಳು ಹೇಗೆ ಹುಟ್ಟುತ್ತವೆ, ಹೇಗೆ ಅಳಿಯುತ್ತವೆ ಎಂಬುದನ್ನು ಅಳೆಯುತ್ತಲೇ ನೌಕರಿ ಮುಗಿಸಿ, ಈಗ ಹುಣಸೂರಿನಲ್ಲಿ ನೆಲೆಸಿರುವವನು. ಸಮುದ್ರವಿಲ್ಲದ ಊರಿನಲ್ಲಿ ಸಮುದ್ರದ ಪಂಡಿತನಿಗೆ ಎಷ್ಟು ಗೌರವ ಸಿಗಬಹುದೆಂದು ನೀವೇ ಊಹಿಸಿ. "ಜೀವ್ಮಾನೆಲ್ಲಾ ಮಳ್ಳು ಅಳ್ದು ಪೆನ್ಸನ್ ತಗೊಂಡ ಗಂಡ್ಸು ಇವ್ನೊಬ್ನೆ ಕಣ್ರಪ್ಪಾ" ಎಂಬುದು ಭಾವ ನನ್ನನ್ನು ನೆಂಟರಿಷ್ಟರಿಗೆ ಪರಿಚಯಿಸುವ ರೀತಿ. ಮಳ್ಳೆಂದರೆ ಮರಳು.

ಇನ್ನು ದ್ವೀಪದ ಕಥೆ. ಆ ಮನೆತನಕ್ಕೆ ಹೊಳೆಯ ಎರಡೂ ದಡಗಳಲ್ಲಿ ಜಮೀನಿತ್ತು. ಭಾವನಿಗೆ ಒಬ್ಬರೇ ತಮ್ಮ. ಪಾಲಿನ ವಿಷಯದಲ್ಲಿ ನಮ್ಮ ಕಡೆ ಒಂದು ನೇಮವಿದೆ: ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಇದಕ್ಕಿಂತ ಮಿಗಿಲಾದ ನ್ಯಾಯವನ್ನು ಯಾವ ಧರ್ಮಶಾಸ್ತ್ರವೂ ಕಂಡುಹಿಡಿದಂತಿಲ್ಲ. ಈ ದಡ ಒಂದು ಪಾಲು, ಆ ದಡ ಒಂದು ಪಾಲು ಎಂದರು ಭಾವ. ತಮ್ಮನಾದವರು ಮೆಕ್ಕಲು ಮಣ್ಣಿನ ಆ ದಡವನ್ನು ಆರಿಸಿಕೊಂಡು, ಹೊಳೆಗೆ ಮುಖ ಮಾಡಿದ ಮನೆಯೊಂದನ್ನು ಕಟ್ಟಿದರು. ಆದರೆ ಪಂಚಾಯ್ತಿಗೆ ಹೊಳೆಯನ್ನು ಯಾರೂ ಕರೆದಿರಲಿಲ್ಲವಲ್ಲ! ಕೆಲವೇ ವರ್ಷಗಳಲ್ಲಿ ನೀರಿನ ಸೆಳೆತವೆಲ್ಲ ಆ ದಡಕ್ಕೆ ಒತ್ತಿತು. ಮೊದಲು ಹುಣಸೆಮರ ಹೋಯಿತು. ಆಮೇಲೆ ರಾಗಿ ಬಡಿಯುವ ಕಣ. ಆಮೇಲೆ ಕೊಟ್ಟಿಗೆ. ಕೊನೆಗೆ ಮನೆಗೂ ಹೊಳೆಗೂ ನಡುವೆ ಉಳಿದದ್ದು ಎತ್ತಿನ ಗಾಡಿಯೊಂದು ತಿರುಗುವಷ್ಟು ಜಾಗ.

"ಕೊರಿಯೋ ದಡಾನ ಬೇಕೂಂತ್ಲೇ ನನ್ ತಲೇಗ್ ಕಟ್ಟವ್ನೆ" ಎಂದು ಭಾವನ ತಮ್ಮ ಊರೆಲ್ಲ ಸಾರಿದರು.

"ಆರಿಸಿಕೊಂಡವರು ನೀವೇ ಅಲ್ಲವೇ?" ಎಂದು ನಾನೊಮ್ಮೆ ಕೇಳಿದ್ದೆ.

"ನಾನು ಅದ್ನೇ ಆರ್ಸ್ಕೊಳ್ಳೋ ಅಂಗೆ ಅವ್ನು ಪಾಲ್ ಮಾಡುದ್ನಲ್ಲ ಸ್ವಾಮಿ, ಅದುಕ್ಕೇನಂತೀರಿ?"

ಈ ದಡದಲ್ಲೊಂದು ಮನೆ ಕಟ್ಟಿಕೊ, ಜಾಗ ಕೊಡುತ್ತೇನೆ ಎಂದು ಭಾವ ಹೇಳಿ ಕಳುಹಿಸಿದರೆ, "ಅವ್ನ ಮಣ್ಣು ನನ್ ಕಾಲ್ಗೂ ಅಂಟ್ಬಾರ್ದು" ಎಂಬ ಉತ್ತರ ದೋಣಿಯಲ್ಲೇ ವಾಪಸು ಬಂತು. ಅಂದಿನಿಂದ ತಮ್ಮನ ಬಾಯಲ್ಲಿ 'ಅಣ್ಣ' ಎಂಬ ಶಬ್ದ ನಿಂತುಹೋಯಿತು.

ಇಂಥ ಎರಡು ದಡಗಳ ನಡುವೆ ಹೊಳೆಯಲ್ಲೊಂದು ಮರಳಿನ ತಿಟ್ಟು ಇತ್ತು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತಿತ್ತು. ಎದ್ದಾಗ ಅದರ ಎರಡೂ ಪಕ್ಕಗಳಲ್ಲಿ ನೀರು ಎರಡು ಕವಲಾಗಿ ಹರಿಯುತ್ತಿತ್ತು. ಒಂದು ಬೇಸಿಗೆಯಲ್ಲಿ ಭಾವ ಅಲ್ಲಿ ಹಲಗೆಯೊಂದನ್ನು ನೆಟ್ಟು 'ಖಾಸಗಿ ಸ್ವತ್ತು, ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ' ಎಂದು ಬಣ್ಣದಲ್ಲಿ ಬರೆಸಿಬಿಟ್ಟರು!

"ಭಾವ, ಹೊಳೆಯೊಳಗಿನ ಮರಳು ಸರ್ಕಾರದ್ದು" ಎಂದೆ.

"ಸರ್ಕಾರುಕ್ಕೆ ಈಜು ಬತ್ತದಾ? ಬಂದು ತಗೊಂಡೋಗ್ಲಿ ಬುಡು."

ಸರ್ಕಾರ ಬರಲಿಲ್ಲ, ನೀರುನಾಯಿಗಳು ಬಂದವು. ಅಪ್ಪಣೆ ಕೇಳದೆ ತಿಟ್ಟಿನ ಮೇಲೆ ಬಿಸಿಲು ಕಾಯಿಸಿಕೊಂಡು, ಮೀನಿನ ಮೂಳೆಗಳನ್ನು ಹಲಗೆಯ ಬುಡದಲ್ಲೇ ಬಿಟ್ಟುಹೋದವು. ಮಳೆಗಾಲದಲ್ಲಿ ಹಲಗೆಯೂ ಹೋಯಿತು. ಎಲ್ಲಿಗೆ ಹೋಗಿತ್ತೆನ್ನುತ್ತೀರಿ? ಕೆ.ಆರ್. ನಗರದ ಕಡೆಯ ಒಂದು ಸ್ನಾನಘಟ್ಟದ ಮೆಟ್ಟಿಲಿಗೆ ತೇಲಿ ಬಂದಿತ್ತು. ಯಾರೋ ಪುಣ್ಯಾತ್ಮರು ಅದನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ್ದರಿಂದ ಭಕ್ತಾದಿಗಳು ಎರಡು ದಿನ ನೀರಿಗಿಳಿಯಲು ಅಂಜಿದರಂತೆ!

ತಿಟ್ಟು ತನ್ನದೆಂದು ತಮ್ಮನೂ ಹೇಳದೆ ಇರುತ್ತಾರೆಯೇ? ದಿನ ಬೆಳಗಾದರೆ ಆ ದಡದಿಂದ ಒಂದು ಕೂಗು, ಈ ದಡದಿಂದ ಒಂದು ಕೂಗು.

"ತಿಟ್ಟು ನಂದು ಕಣಯ್ಯೋ!"

"ನಿಮ್ಮಪ್ಪುಂದಾ?"

"ನಿಂಗೂ ಅವ್ನೇ ಅಪ್ಪ ಅಲ್ವೇನ್ಲಾ!"

ನಾನು ಗಾಬರಿಯಾದರೆ, ರೊಟ್ಟಿ ತಟ್ಟುತ್ತಿದ್ದ ಅಕ್ಕ ತಲೆಯನ್ನೂ ಎತ್ತದೆ ಹೇಳುತ್ತಿದ್ದಳು: "ಬೈಕೊಳ್ಳಿ ಬುಡೋ. ಕೂಗು ಕೇಳುದ್ರೆ ಇಬ್ರೂ ಆರೋಗ್ಯವಾಗವ್ರೆ ಅಂತ. ಕೇಳ್ದೇ ಇದ್ ದಿನ ದೋಣಿ ಕಳಿಸ್ತೀನಿ."

ಮರಳಿನ ಒಡೆತನವೆಂಬುದು ನಗುವಂಥ ಮಾತೇ, ನಿಜ. ಆದರೆ ಮನುಷ್ಯರು ಅದನ್ನು ಎಷ್ಟು ಗಂಭೀರವಾಗಿ ನಂಬುತ್ತಾರೆಂಬುದನ್ನು ನಾನು ಕರಾವಳಿಯುದ್ದಕ್ಕೂ ಕಂಡಿದ್ದೇನೆ. ಕಡಲ ದಡ ಎನ್ನುವುದು ವಸ್ತುವಲ್ಲ, ಒಂದು ಹೋಗಿಬರುವಿಕೆ. ಮಳೆಗಾಲದ ಅಲೆಗಳು ಮರಳನ್ನು ಸೆಳೆದೊಯ್ದು ನೀರಿನಡಿಯಲ್ಲಿ ಇಟ್ಟುಕೊಳ್ಳುತ್ತವೆ. ಮಳೆ ಕಳೆದ ಮೇಲೆ ಬರುವ ಮೆಲ್ಲನೆಯ ಅಲೆಗಳು ಅದನ್ನೇ ಹಿಡಿಹಿಡಿಯಾಗಿ ತಂದು ದಡಕ್ಕೆ ಒಪ್ಪಿಸುತ್ತವೆ. ಕಳೆದ ವರ್ಷದ ದಡ, ಈ ವರ್ಷದ ದಡ ಎರಡೂ ಒಂದೇ ಎಂದು ನಮಗೆ ತೋರುವುದು ಕಣ್ಣಿನ ಸೋಮಾರಿತನ. ದಡಕ್ಕೆ ಸಮಾನಾಂತರವಾಗಿ, ತುಸು ದೂರದಲ್ಲಿ ಮಲಗಿರುವ ಉದ್ದನೆಯ ಮರಳ ದ್ವೀಪಗಳ ಪರಿ ಇನ್ನೂ ವಿಚಿತ್ರ. ಅಲೆ ಅಪ್ಪಳಿಸಿದಾಗ ಅವು ಎದುರು ನಿಂತು ಸೆಣಸುವುದಿಲ್ಲ. ಮುಂದಿನ ಮರಳು ಮೈಮೇಲಿಂದ ಹಾಯ್ದು ಹಿಂದಕ್ಕೆ ಚೆಲ್ಲಿಕೊಳ್ಳುತ್ತದೆ. ಹೀಗೆ ಮಗುಚಿಕೊಳ್ಳುತ್ತಲೇ ಅವು ನೆಲದ ಕಡೆಗೆ ಸರಿಯುತ್ತವೆ. ಎದುರಿನ ಪೆಟ್ಟನ್ನು ತಾವು ತಿಂದು, ಬೆನ್ನ ಹಿಂದಿನ ನೀರನ್ನು ತಿಳಿಯಾಗಿ ಇಡುತ್ತವೆ.

ಇದನ್ನೆಲ್ಲ ಕಣ್ಣಾರೆ ತೋರಿಸೋಣವೆಂದು ಒಮ್ಮೆ ಭಾವನನ್ನೂ ಅಕ್ಕನನ್ನೂ ಉಡುಪಿಯ ಕಡೆಗೆ ಕರೆದೊಯ್ದೆ. 2018ರ ಡಿಸೆಂಬರಿನಲ್ಲಿ, ಬಸ್ಸಿನ ಟಿಕೆಟು ಇನ್ನೂ ನನ್ನ ಬಳಿ ಇದೆ. ಒಂದು ಪಕ್ಕ ನದಿ, ಇನ್ನೊಂದು ಪಕ್ಕ ಕಡಲು, ನಡುವೆ ಕಿರಿದಾದ ಮರಳ ಪಟ್ಟಿ, ಆ ಜಾಗಕ್ಕೆ. ಮೊದಲ ಸಲ ಸಮುದ್ರ ಕಂಡ ಮನುಷ್ಯ ಬೆರಗಾಗುತ್ತಾನೆಂದು ಯಾರಾದರೂ ನಿರೀಕ್ಷಿಸುತ್ತಾರಲ್ಲವೇ? ಭಾವ ಸೊಂಟದ ಮೇಲೆ ಕೈಯಿಟ್ಟು ಸಮುದ್ರವನ್ನು ಮೇಲಿಂದ ಕೆಳಗೆ ನೋಡಿದರು, ಸಂತೆಯಲ್ಲಿ ಹೋರಿ ನೋಡುವ ಹಾಗೆ.

"ನೀರು ಜಾಸ್ತಿ ಆಯ್ತು" ಎಂದರು.

ಆಮೇಲೆ ಅಲೆಗಳಿಗೆ ಬೆನ್ನು ಹಾಕಿ ನಿಂತು, ನದಿಯ ಕಡೆಗಿದ್ದ ಮನೆಗಳನ್ನೇ ನೋಡತೊಡಗಿದರು. ಅಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತು ಕೂಗಿ ಕರೆದರೂ ಇತ್ತ ತಿರುಗಲಿಲ್ಲ. ಬಹಳ ಹೊತ್ತಿನ ಮೇಲೆ ಕೇಳಿದರು: "ಇಷ್ಟ್ ದೊಡ್ ಅಲೆ ಬಡೀತದಲ್ಲೋ, ಈ ಮಳ್ ಇಂದ್ಗಡೆ ಇರೋ ಮನೇರ್ಗೆ ಏನೂ ಆಗಕಿಲ್ವಾ?"

"ಮರಳು ಇರುವವರೆಗೂ ಅಷ್ಟು ಸುಲಭಕ್ಕೆ ಆಗುವುದಿಲ್ಲ ಭಾವ. ಪೆಟ್ಟನ್ನು ಅದೇ ತಿನ್ನುತ್ತದೆ."

"ಊಂ" ಎಂದವರು ಹೊರಡುವಾಗಲೂ ಆ ಮರಳ ಪಟ್ಟಿಯನ್ನೇ ತಿರುತಿರುಗಿ ನೋಡುತ್ತ ಬಂದರು. ಸಮುದ್ರ ನೋಡಿ ಮನುಷ್ಯ ಕೊನೆಗೂ ಗಂಭೀರನಾದನೆಂದು ನಾನು ಹಿಗ್ಗಿದೆ.

ಮರುವರ್ಷ ಶಿವರಾತ್ರಿಗೆ ಹೋದಾಗ (ಮಾರ್ಚ್ ನಾಲ್ಕು, ಸೋಮವಾರ; ನೋಡಿದ್ದೇನೆ) ಭಾವ ನನ್ನನ್ನು ಹೊಳೆಗೆ ಎಳೆದೊಯ್ದರು. ತಿಟ್ಟು ಈ ದಡಕ್ಕೆ ಸೇರಿಕೊಳ್ಳಬೇಕು, ಅದಕ್ಕೊಂದು ಉಪಾಯ ಹೇಳು ಎಂಬುದು ಅವರ ಆಜ್ಞೆ. ನಾನು ಮರಳಿನ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ: ತಿಟ್ಟಿನ ಮೇಲ್ತಲೆಯಿಂದ, ಎಂದರೆ ನೀರು ಬರುವ ಕಡೆಯ ತುದಿಯಿಂದ, ನಿಮ್ಮ ದಡದ ಕಡೆಗೆ ಗೂಟ ನೆಟ್ಟು, ಮುಳ್ಳುಕಂಟಿ ಕಲ್ಲು ತುಂಬಿ ಬೇಲಿ ಕಟ್ಟಿ. ನಿಮ್ಮ ಕಡೆಯ ಕವಲಿನಲ್ಲಿ ನೀರು ನಿಧಾನವಾಗುತ್ತದೆ. ನಿಧಾನವಾದ ನೀರು ಹೊತ್ತ ಮರಳನ್ನು ಇಳಿಸುತ್ತದೆ. ಕವಲು ತುಂಬುತ್ತದೆ, ತಿಟ್ಟು ನಿಮ್ಮದಾಗುತ್ತದೆ. ಆದರೆ ಸೆಳೆತವೆಲ್ಲ ಆ ಕಡೆಯ ಕವಲಿಗೆ ಹೋಗಿ, ನಿಮ್ಮ ತಮ್ಮನ ಮನೆ ಈ ಮಳೆಗಾಲವನ್ನು ದಾಟುವುದಿಲ್ಲ.

"ಓಗ್ಲಿ ಬುಡು. ಆರ್ಸ್ಕೊಂಡೋನು ಅವ್ನೇ ತಾನೆ?" ಎಂದರು ಭಾವ. "ಬ್ಯಾಲಿ ಆ ಕಡೀಕೆ ಆಕುದ್ರೆ?"

"ಎಲ್ಲವೂ ತಿರುಗುಮುರುಗು. ತಿಟ್ಟು ಅವರದಾಗುತ್ತದೆ, ನಿಮ್ಮ ತೋಟ ಹೊಳೆಯದಾಗುತ್ತದೆ."

"ಅಷ್ಟೊಂದ್ ದಡ್ಡ ಅಂತ ತಿಳ್ಕಂಡಿದ್ದೀಯೇನೋ ನನ್ನ?" ಎಂದು ಅವರೇ ಮೊದಲ ಗೂಟ ನೆಟ್ಟರು, ಈ ದಡದ ಕಡೆಗೆ. ಎರಡನೆಯದನ್ನು ಹಿಡಿದುಕೊಂಡವನು ನಾನು. ನನ್ನ ವಿದ್ಯೆಗೆ ನಮ್ಮ ಸೀಮೆಯಲ್ಲಿ ಸಂದ ಮೊದಲ ಮರ್ಯಾದೆ ಅದು! ಆದರೆ ಅದರಿಂದ ಒಂದು ಮನೆ ಬೀಳುತ್ತದಲ್ಲ ಎಂಬ ಅಳುಕು ಹುಣಸೂರಿನವರೆಗೂ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತು ಬಂತು.

ಆ ಬೇಸಿಗೆಯಲ್ಲಿ ಭಾವನ ತಮ್ಮ ಊರಿನಲ್ಲಿರಲಿಲ್ಲ. ಹೊಗೆಸೊಪ್ಪಿನ ನಾಟಿಗೆ ಆಳು ಸಿಗದೆ ಹಾರನಹಳ್ಳಿಯ ಅಳಿಯ ಹೇಳಿ ಕಳುಹಿಸಿದ್ದರಿಂದ, ಹೆಂಡತಿಯೊಡನೆ ಹೋಗಿ ಮಗಳ ಮನೆಯಲ್ಲೇ ಉಳಿದಿದ್ದರು. ಅವರು ಮರಳಿ ಬರುವ ಹೊತ್ತಿಗೆ ಹೊಳೆಗೆ ಹೊಸ ನೀರು ಬಂದು ಬೇಲಿ, ತಿಟ್ಟು ಎರಡೂ ಮುಳುಗಿದ್ದವು.

ಇನ್ನು ಆಗಸ್ಟ್ ಹತ್ತು. ಕೊಡಗಿನಲ್ಲಿ ಸುರಿದ ಮಳೆಯೆಲ್ಲ ಒಟ್ಟಾಗಿ ಕೆಂಪಗೆ ಇಳಿದು ಬಂತು. ಆದರೆ ನಡೆದದ್ದು ನಾನು ಗೀಚಿ ತೋರಿಸಿದ್ದಕ್ಕೆ ತದ್ವಿರುದ್ಧ. ಸೆಳೆತವೆಲ್ಲ ಈ ದಡಕ್ಕೆ ನುಗ್ಗಿತು. ಭಾವನ ತೋಟದ ಅಂಚು ತೆಂಗಿನಮರಗಳ ಸಮೇತ ಕಳಚಿ ಬಿತ್ತು. ಪಂಪಿನ ಮನೆ ಹೋಯಿತು. ಆ ದಡದಲ್ಲಿ ನೀರು ಕೆರೆಯಂತೆ ನಿಂತು, ಮರಳು ಇಳಿಸಿ, ಸದ್ದಿಲ್ಲದೆ ಹಿಂದೆ ಸರಿಯಿತು. ನೀರು ತಗ್ಗಿದಾಗ ತಿಟ್ಟು ತಮ್ಮನ ದಡಕ್ಕೆ ಅಂಟಿಕೊಂಡು, ಮನೆಯ ಮುಂದೆ ಅಂಗಳದ ಹಾಗೆ ಮಲಗಿತ್ತು.

ನಾನು ಓಡೋಡಿ ಹೋದೆ. ಭಾವ ದಡದಲ್ಲಿ ನಿಂತು ಎದೆ ಬಡಿದುಕೊಳ್ಳುತ್ತಿದ್ದರು. "ನೀರು ನನ್ ಬ್ಯಾಲೀನೇ ಕಿತ್ತು ಆ ಕಡೀಕೆ ತಿರುಗಿಸ್ಬುಡ್ತು ಕಣೋ! ಹೊಳೆ ಮೋಸ ಮಾಡ್ಬುಡ್ತು!" ಊರಿಗೆ ಊರೇ ನಕ್ಕಿತು. ದ್ವೀಪದ ಆಸೆಗೆ ತೋಟ ಕಳೆದುಕೊಂಡ ಮುದುಕನೆಂದು ಕೊಪ್ಪದ ಮಾರುಕಟ್ಟೆಯವರೆಗೂ ಸುದ್ದಿಯಾಯಿತು. ಆ ದಡದಿಂದ ಭಾವನ ತಮ್ಮ ಬಾಯಿಗೆ ಕೈಯೊಡ್ಡಿ ಕೂಗಿದರು:

"ಏನಣ್ಣೋ! ತಿಟ್ಟು ಯಾರ್ದು ಅಂತ ಹೊಳೇನೇ ನ್ಯಾಯ ಏಳ್ತು, ನೋಡ್ದಾ?"

"ತಗೊಂಡು ತಲೇಗ್ ಸುರ್ಕೊಳ್ಳೋಗ್ಲಾ!" ಎಂದು ಭಾವ ಗರ್ಜಿಸಿದರು. ಗರ್ಜಿಸಿ, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ನಿಂತರು. ಅವರು ಅಳುತ್ತಿದ್ದರೆಂದೇ ನಾವೆಲ್ಲ ತಿಳಿದೆವು.

ಪ್ರವಾಹವು ಬೇಲಿಯನ್ನು ಕಿತ್ತು ಇನ್ನೊಂದು ಬದಿಗೆ ತಿರುಗಿಸಿತೆಂಬ ಈ ಕಥೆ ನಮ್ಮ ಕುಟುಂಬದಲ್ಲಿ ಹೀಗೆಯೇ ನಿಂತಿದೆ. ನಾನೂ ಹತ್ತಾರು ಕಡೆ ಹೇಳಿದ್ದೇನೆ. ಈ ಪ್ರಬಂಧಕ್ಕೆಂದು ದಿನಾಂಕಗಳನ್ನು ತಾಳೆ ನೋಡಲು ಕುಳಿತಾಗ ಉಪಗ್ರಹದ ಹಳೆಯ ಚಿತ್ರಗಳನ್ನೂ ತೆಗೆದೆ. 2019ರ ಮೇ ತಿಂಗಳಿನದೊಂದು ಚಿತ್ರ ಸಿಕ್ಕಿತು. ಮೋಡವಿಲ್ಲ, ತಿಟ್ಟು ಬೆಳ್ಳಗೆ ಕಾಣುತ್ತಿದೆ. ಅದರ ಮೇಲ್ತಲೆಯಿಂದ ಕಪ್ಪನೆಯ ಗೆರೆಯೊಂದು ಹೊರಟಿದೆ. ಹಿಗ್ಗಿಸಿ ನೋಡಿದೆ. ಚಿತ್ರವನ್ನು ತಿರುಗಿಸಿ ನೋಡಿದೆ. ಹೋದ ಭಾನುವಾರ ಅದನ್ನು ಅಚ್ಚು ಹಾಕಿಸಿಕೊಂಡು ಹೋಗಿ ಭಾವನ ಮುಂದಿಟ್ಟೆ.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಇದ್ನ ಯಾರ್ ಬೇಕಾರೂ ನೋಡ್ಬೋದಾ?"

"ಹುಡುಕಿದರೆ ನೋಡಬಹುದು."

"ನನ್ ತಮ್ಮ?"

"ಅವರು ದಿನಭವಿಷ್ಯ ಬಿಟ್ಟು ಬೇರೇನು ನೋಡುತ್ತಾರೆ ಭಾವ?"

"ಅಂಗಾರೆ ಸರಿ." ಕಾಗದವನ್ನು ಮಡಿಸಿ ನನ್ನ ಜೇಬಿಗೇ ತುರುಕಿದರು. "ಮೇಲ್ನಿಂದ ನೋಡುದ್ರೆ ಎಡ ಬಲ ಅದ್ಲುಬದ್ಲು ಕಾಣ್ತದೆ ಕಣೋ. ಓದ್ದೋನು, ಅಷ್ಟೂ ಗೊತ್ತಿಲ್ವಾ ನಿಂಗೆ?"

ಅಕ್ಕ ಒಳಗಿನಿಂದ ಕಾಫಿ ತಂದಳು. ಆ ಬೇಸಿಗೆಯಲ್ಲಿ ಹೊಳೆಗೆ ದಿನವೂ ಬುತ್ತಿ ಹೊತ್ತವಳು ಅವಳೇ. ನಾನು ಅವಳ ಮುಖ ನೋಡಿದೆ. ಅವಳು ಸಕ್ಕರೆ ಸಾಕೇನೋ ಎಂದಳು.

ಹಾಗಾಗಿ ಎರಡನ್ನೂ ಇಲ್ಲಿ ನಮೂದಿಸಿ ನಿಲ್ಲಿಸುತ್ತೇನೆ. ನಮ್ಮೆಲ್ಲರ ನೆನಪಿನ ಪ್ರಕಾರ ಬೇಲಿಯನ್ನು ತಮ್ಮನ ದಡದ ಕಡೆಗೆ ತಿರುಗಿಸಿದ್ದು ಆಗಸ್ಟ್ ಹತ್ತರ ಪ್ರವಾಹ. ಚಿತ್ರದ ಪ್ರಕಾರ ಮೇ ತಿಂಗಳಿನಲ್ಲೇ ಬೇಲಿ ಆ ದಡದ ಕಡೆಗೆ ಗಟ್ಟಿಯಾಗಿ, ನೇರವಾಗಿ ನಿಂತಿದೆ. ಈ ಕಡೆ ಒಂದು ಗೂಟವೂ ಇಲ್ಲ. ಆ ತಿಂಗಳು ಹೊಳೆಯಲ್ಲಿ ಒಂದು ಕಲ್ಲನ್ನು ಕದಲಿಸುವಷ್ಟು ನೀರೂ ಇರಲಿಲ್ಲ.