ಮೂವತ್ತು ರೂಪಾಯಿ ಬಾಡಿಗೆ

ತಿಂಗಳಿಗೆ ಮೂವತ್ತು ರೂಪಾಯಿ ಎಂಬ ಮಾತು ಕಿವಿಗೆ ಬಿದ್ದಾಗ ಕೊಟ್ರಬಸಪ್ಪನಿಗೆ ತಾನು ಕೂತಿದ್ದ ಜಗಲಿಯೇ ಒಂದು ಗೇಣು ಮೇಲೆದ್ದಂತಾಯಿತು.

ಯುದ್ಧ ಶುರುವಾಗಿ ನಾಲ್ಕು ವರ್ಷ. ಹೊನ್ನಾಳಿ ಪೇಟೆಯಲ್ಲಿದ್ದ ಅವನ ಬಳೆ ಅಂಗಡಿಗೆ ಸರಕು ಬರುವುದೇ ನಿಂತುಹೋಗಿತ್ತು. ಮನೆಯಲ್ಲಿ ಒಂದೇ ಹೊತ್ತು ಒಲೆ ಉರಿಯುತ್ತಿತ್ತು. ಅಂಥ ಹೊತ್ತಿನಲ್ಲಿ, ಮಿಲಿಟರಿ ಕುದುರೆಗಳಿಗೆ ಭತ್ತದ ಹುಲ್ಲು ಕೊಳ್ಳುವ ಕಂಟ್ರಾಕ್ಟರ್ ರಂಗಣ್ಣ ಊರಿಗೆ ಬಂದಿಳಿದ. ಹುಲ್ಲು ತುಂಬಿಡಲು, ಎಂಟು ರೂಪಾಯಿಗೂ ಯಾರೂ ಕೇಳದ ಕೊಟ್ರಬಸಪ್ಪನ ಮನೆಗೆ ಮೂವತ್ತು ಕೊಡುತ್ತೇನೆಂದ.

"ಆಚೆ ಬೀದಿ ಅನ್ನಪೂರ್ಣಮ್ಮನ ಕೋಣೆ ಆರಕ್ಕೆ ಸಿಗ್ತೈತೆ. ಉಳಿದಿದ್ರಾಗೆ ಎರಡು ಹೊತ್ತು ಉಣ್ಣಬಹುದು," ಎಂದು ಕೊಟ್ರಬಸಪ್ಪ ಹೆಂಡತಿ ಸರ್ವಮಂಗಳಮ್ಮನನ್ನು ಒಪ್ಪಿಸಿದ.

ಬೆಳಿಗ್ಗೆ ಬೀಗದ ಕೈ ಕೊಟ್ಟು, ಮುಂಗಡ ಇಸಕೊಂಡು, ಗಾಡಿಗೆ ಸಾಮಾನು ಹೇರಿದ. ಅದರ ಮೇಲೆ ಕಣ್ಣಿಗೆ ಪೊರೆ ಬಂದಿದ್ದ ತಾಯಿ ಅಜ್ಜಮ್ಮನನ್ನು ಕೂರಿಸಿದ. ದಾರಿಯುದ್ದಕ್ಕೂ ಜನ ಅವನನ್ನು ಮದುವಣಿಗನಂತೆ ನೋಡಿದರು. "ನಿಮ್ಮ ಕಂಟ್ರಾಕ್ಟರಿಗೆ ನಮ್ಮ ಮನೇನೂ ತೋರಿಸ್ರಿ!" ಎಂದು ಕೂಗಿದರು.

ಅನ್ನಪೂರ್ಣಮ್ಮ ಬಾಗಿಲಲ್ಲೇ ತಡೆದಳು.

"ಹದಿನೈದು ರೂಪಾಯಿ."

"ನಿನ್ನೆ ಆರು ಅಂದಿದ್ರಲ್ಲ!"

"ನಿನ್ನೆ ನಿನ್ನ ಮನೆಗೆ ಮೂವತ್ತು ಬಂದಿರಲಿಲ್ಲ. ಇವತ್ತು ಊರಿಗೆಲ್ಲ ಗೊತ್ತಾಗೈತೆ."

ಕೊಟ್ರಬಸಪ್ಪ ಹೆಂಡತಿಯ ಮುಖ ನೋಡಿದ, ಹೆಂಡತಿ ಗಾಡಿಯ ಗಾಲಿ ನೋಡಿದಳು. ಇವರು ನೋಡಿ ಮುಗಿಸುವಷ್ಟರಲ್ಲಿ ಮಿಲಿಟರಿ ಓವರ್‌ಸಿಯರನೊಬ್ಬ ಬಂದು ಹದಿನೆಂಟಕ್ಕೆ ಕೋಣೆ ಹಿಡಿದ.

ಅಲ್ಲಿಂದ ಹಳೆಯ ಗೆಳೆಯ ಜುಂಜಪ್ಪನ ಮನೆಗೆ ಹೋದರು. ಅವನ ಹಿತ್ತಲಲ್ಲಿ ಒಂದು ಬಿದಿರು ತಟ್ಟಿಯ ಕೋಣೆಯಿತ್ತು. ಅದರಲ್ಲಿದ್ದ ಸೊಪ್ಪು ಮಾರುವ ಗಿಡ್ಡಮ್ಮ ಮಡಕೆಗಳನ್ನು ಬೀದಿಗೆ ತಂದಿಡುತ್ತಿದ್ದಳು.

"ಬಾಡಿಗೆ ಏರಿಸಿದ ಪುಣ್ಯಾತ್ಮ ನೀನೇ ಅಲ್ಲೇನು?" ಎಂದಳು ಅವನನ್ನು ಕಂಡು. "ಎರಡು ರೂಪಾಯಿಗೆ ಒಂಬತ್ತು ವರ್ಷ ಇದ್ದೆ. ಈಗೆಲ್ಲಿಗೆ ಹೋಗ್ಲಿ, ಹೊಳೆಗಾ?"

ಕೊಟ್ರಬಸಪ್ಪ ಕಣ್ಣು ತಪ್ಪಿಸಿದ. ಆದರೂ ಅವಳ ತಲೆಯ ಮೇಲಿಂದಲೇ, "ಜುಂಜಪ್ಪ, ಇದು ನನಗೆ ಸಿಗ್ತೈತಾ?" ಎಂದು ಕೇಳಿದ. ಕೇಳಿದ ಮೇಲೆ ತನಗೇ ಅಸಹ್ಯವಾಯಿತು.

"ಹುಲ್ಲು ತೂಗೋ ಗುಮಾಸ್ತ ಇಪ್ಪತ್ತೆರಡು ಕೊಟ್ಟು ಹೋದ," ಎಂದ ಜುಂಜಪ್ಪ. "ಗೆಳೆತನ ಬೇರೆ, ಮಿಲಿಟರಿ ಬೇರೆ ಕಣಪ್ಪಾ."

ಕೋಟೆ ಬೀದಿ, ಹೊಳೆ ಬೀದಿ, ಎಲ್ಲ ಕಡೆಯೂ ಇದೇ ಪಾಡು. ದನದ ಕೊಟ್ಟಿಗೆಗಳಿಗೂ ಸುಣ್ಣ ಬಳಿದು, ಜನ ಬಾಡಿಗೆದಾರರ ದಾರಿ ಕಾಯುತ್ತಿದ್ದರು. ಮೂರನೆಯ ಬೀದಿಯಲ್ಲಿ ಗಾಡಿ ದುರುಗಪ್ಪ ಎತ್ತು ನಿಲ್ಲಿಸಿ ಸಾಮಾನು ಇಳಿಸತೊಡಗಿದ.

"ಹುಲ್ಲು ಹೇರಿದ್ರೆ ದಿನಕ್ಕೆ ನಾಲ್ಕು ರೂಪಾಯಿ ಬರ್ತೈತೆ. ನಿಮ್ಮ ಒರಳುಕಲ್ಲು ಹೊತ್ಕೊಂಡು ಊರೆಲ್ಲ ಸುತ್ತಾಕೆ ನನಗೇನು ಹುಚ್ಚಾ? ನನ್ನ ನಾಲ್ಕು ರೂಪಾಯಿ ಕೊಡ್ರಿ."

ಮುಂಗಡದಿಂದ ನಾಲ್ಕು ರೂಪಾಯಿ ಹೋಯಿತು. ಬೇವಿನ ಮರದಡಿ ಸಂಸಾರವೆಲ್ಲ ಸಂತೆಯ ಅಂಗಡಿಯಂತೆ ಹರಡಿ ಬಿದ್ದಿತ್ತು. ಒಬ್ಬ ದಾರಿಹೋಕ ಒನಕೆ ಎತ್ತಿ ನೋಡಿ, "ಎಷ್ಟಕ್ಕೆ ಕೊಡ್ತೀರಿ?" ಎಂದೂ ಕೇಳಿದ. ಸರ್ವಮಂಗಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸಂಜೆ ಮೋಡ ಕವಿಯಿತು. ಕೊಟ್ರಬಸಪ್ಪ ಓಡುತ್ತಾ ರಂಗಣ್ಣನ ಬಳಿ ಹೋಗಿ ಕೈಮುಗಿದ.

"ನನ್ನ ಮನೆ ನನಗೆ ಕೊಟ್ಬಿಡ್ರಿ."

"ಒಳಗೆಲ್ಲ ಹುಲ್ಲು ತುಂಬೈತಲ್ರೀ! ಮಿಲಿಟರಿ ಹುಲ್ಲು. ಒಂದು ಕಡ್ಡಿ ಅಲುಗಿದ್ರೂ ಪೊಲೀಸ್ರು ಬರ್ತಾರೆ." ಕೊಟ್ರಬಸಪ್ಪನ ಮುಖ ನೋಡಿ ರಂಗಣ್ಣನಿಗೆ ಮರುಕವಾಯಿತು. "ಹಿತ್ತಲ ಕೊಟ್ಟಿಗೆ ಖಾಲಿ ಐತೆ. ಬೇಕಾದ್ರೆ ಇರ್ರಿ. ಮೂವತ್ತು ರೂಪಾಯಿ."

"ಕೊಟ್ಟಿಗೆಗೆ ಮೂವತ್ತಾ? ಅದೂ ನನ್ನ ಕೊಟ್ಟಿಗೆಗೆ?"

"ತಟ್ಟಿ ಕೋಣೆಗೇ ಇಪ್ಪತ್ತೆರಡು ನಡೀತೈತೆ. ಇದಕ್ಕೆ ಕಲ್ಲಿನ ಗೋಡೆ ಐತಲ್ರೀ. ನಾನು ನಿಮಗೆ ಕೊಡೋದು ಮೂವತ್ತು, ನೀವು ನನಗೆ ಕೊಡೋದು ಮೂವತ್ತು. ಅಲ್ಲಿಗಲ್ಲಿಗೆ ಸರಿಹೋಯ್ತು. ಬೆಳಿಗ್ಗೆ ಇಸಕೊಂಡ ಮುಂಗಡ ಮಾತ್ರ ವಾಪಸ್ ಕೊಡ್ರಿ."

ಮುಂಗಡದಲ್ಲಿ ನಾಲ್ಕು ರೂಪಾಯಿ ಕಡಿಮೆ ಬಿತ್ತು. ಅದನ್ನು ಹುಲ್ಲು ಹೊತ್ತು ತೀರಿಸುವುದೆಂದು ಮಾತಾಯಿತು.

ಮಳೆ ಹನಿಯುವಾಗ ಕೊಟ್ರಬಸಪ್ಪ ತಾಯಿಯ ಕೈಹಿಡಿದು ಕೊಟ್ಟಿಗೆಯೊಳಗೆ ಕರೆತಂದ. ಅಜ್ಜಮ್ಮ ಗೋಡೆ ತಡವಿ, ಮೂಗು ಮುರಿದು, ಮೆಲ್ಲಗೆ ಮಗನ ಕಿವಿಯಲ್ಲಿ ಹೇಳಿದಳು:

"ಈ ಮನೆ ನಮಗೆ ಆಗಿಬರಲ್ಲ ಕಣಪ್ಪಾ. ಬೆಳಿಗ್ಗೆ ಎದ್ದು ನಮ್ಮ ಮನೆಗೇ ಹೋಗಿಬಿಡಾನ."